ಹತ್ತು ಗಂಟೆಯ ಊರು

ನಮ್ಮೂರಲ್ಲಿ ಹುಟ್ಟಿದವರು ಒಮ್ಮೆ ಹೆದ್ದಾರಿಯ ತಿರುವು ದಾಟಿ ಹೋದರೆ ಮುಗಿಯಿತು, ಊರು ಅವರಿಗೆ ಮತ್ತೆ ಸಿಗುವುದಿಲ್ಲ. ವಾಪಸು ಬರುವ ಬಸ್ಸು ಹತ್ತಿದರೂ ಕಂಡಕ್ಟರು ಊರ ಹೆಸರು ಕೂಗಿದ್ದು ಅವರ ಕಿವಿಗೆ ಬೀಳುವುದಿಲ್ಲ. ತಿಳಿಯುವಷ್ಟರಲ್ಲಿ ಮುಂದಿನ ಊರು ಬಂದಿರುತ್ತದೆ. ನಡೆದುಕೊಂಡು ಬಂದವರಿಗೆ ತಿರುವಿನ ಜಾಗದಲ್ಲಿ ಬರೀ ಸೂರ್ಯಕಾಂತಿ ಹೊಲ ಕಾಣುತ್ತದಂತೆ. ಬೇರೆ ಊರಿನವರಿಗೆ ಈ ತಾಪತ್ರಯ ಇಲ್ಲ. ಬ್ಯಾಂಕಿನ ಮ್ಯಾನೇಜರು ಶನಿವಾರ ಹೋಗಿ ಸೋಮವಾರ ಬರುತ್ತಾರೆ. ಹೊರಗಿನಿಂದ ಬಂದ ಸೊಸೆಯಂದಿರು ಹೆರಿಗೆಯನ್ನು ತವರಿನಲ್ಲೇ ಮುಗಿಸಿಕೊಂಡು ಬರುತ್ತಾರೆ; ಆ ಕೂಸುಗಳು ಮುಂದೆ ಎಲ್ಲಿ ಬೇಕಾದರೂ ಹೋಗಿಬರಬಹುದು. ಅಂಥ ಮಕ್ಕಳಿಗೆ ಶಾಲೆಯಲ್ಲಿ ಸ್ವಲ್ಪ ಜಂಬ ಜಾಸ್ತಿ. ಮಿಕ್ಕ ಕಡೆಯೆಲ್ಲ ಮನೆಯಿಂದ ಹೊರಡುವಾಗ ‘ಹೋಗಿ ಬರ್ತೀನಿ’ ಅನ್ನದೆ ಬರೀ ‘ಹೋಗ್ತೀನಿ’ ಅಂದರೆ ಹಿರಿಯರು ಬೈಯುತ್ತಾರಂತೆ. ನಮ್ಮಲ್ಲಿ ತಿರುವು ದಾಟುವವರು ‘ಹೋಗ್ತೀನಿ’ ಎಂದೇ ಅನ್ನಬೇಕು. ಹೋಗುವ ಮುಂಚೆ ಓಣಿಯ ಪ್ರತಿ ಮನೆಯಲ್ಲೂ ಒಂದೊಂದು ತುತ್ತು ಉಣ್ಣುತ್ತಾರೆ. ಆಮೇಲೆ ನಾವು ಅವರನ್ನು ಸತ್ತವರ ಲೆಕ್ಕಕ್ಕೆ ಸೇರಿಸದಿದ್ದರೂ ಅದರ ಪಕ್ಕದಲ್ಲೇ ಇಟ್ಟು ಸುಮ್ಮನಾಗುತ್ತೇವೆ.

ನನ್ನ ಅಕ್ಕ ಗೌರಾ ಯಾರ ಮನೆಯಲ್ಲೂ ತುತ್ತು ಉಣ್ಣದೆ ಹೋದಳು. ಆಗ ಅವಳಿಗೆ ಇಪ್ಪತ್ತಮೂರು, ನನಗೆ ಹದಿನಾರು. ಅವ್ವ ಅವಳನ್ನು ನಮ್ಮ ಸಂತೆ ಓಣಿಯ ಕೊನೆಯ ಮನೆಯ ಒಬ್ಬ ವಿಧುರನಿಗೆ ಕೊಡುವುದೆಂದು ಮಾತು ಮುಗಿಸಿದ್ದಳು. ಅಕ್ಕ ಬೇಡವೆಂದೂ ಅನ್ನಲಿಲ್ಲ, ಹೂಂ ಅಂತಲೂ ಅನ್ನಲಿಲ್ಲ. ಹೊಲಿಯಬೇಕಿದ್ದ ಗಿರಾಕಿಗಳ ಜಂಪರುಗಳನ್ನೆಲ್ಲ ಹೊಲಿದು, ಗುಂಡಿ ಹಚ್ಚಿ, ಮಡಿಚಿಟ್ಟು, ಒಂದು ಬೆಳಗಿನ ಜಾವ ಮೊದಲ ಬಸ್ಸಿಗೆ ಹೋಗಿಬಿಟ್ಟಳು. ನಾವಿಬ್ಬರೂ ಒಂದೇ ಹಾಸಿಗೆಯಲ್ಲಿ ಮಲಗುತ್ತಿದ್ದವರು. ನಾನು ಎದ್ದಾಗ ಪಕ್ಕದ ಜಾಗ ತಣ್ಣಗಿತ್ತು. ಅವಳು ಊರು ಬಿಟ್ಟಿದ್ದಕ್ಕಿಂತ ನನಗೆ ಹೇಳದೆ ಬಿಟ್ಟಿದ್ದು ನನ್ನನ್ನು ಸುಟ್ಟಿತು. ಆರು ವರ್ಷ ಅವ್ವ ಬಾಗಿಲ ಕಡೆ ನೋಡುವುದನ್ನು ಬಿಡಲಿಲ್ಲ. ಬರಲಾರಳೆಂದು ಗೊತ್ತಿದ್ದೂ ನೋಡುತ್ತಿದ್ದಳು. ಆಮೇಲೆ ಅವಳೂ ಹೋದಳು, ಅದು ಬೇರೆ ದಾರಿ.

ನಾನು ಅಕ್ಕ ಕಲಿಸಿದ ಹೊಲಿಗೆಯನ್ನೇ ಹಿಡಿದೆ. ನನ್ನ ಗಂಡ ಪರವೂರಿನವರು. ಸೈಕಲ್ ರಿಪೇರಿ ಅಂಗಡಿ ಇಟ್ಟಿದ್ದಕ್ಕೆ ಜನ ಅವರನ್ನು ಸೈಕಲ್ ಈರಣ್ಣ ಅನ್ನುತ್ತಾರೆ. ಟೈರು, ಟ್ಯೂಬು ತರಲು ವಾರ ಬಿಟ್ಟು ವಾರ, ಸೋಮವಾರದ ದಿನ ಶಹರಕ್ಕೆ ಹೋಗುತ್ತಾರೆ. ಮೊದಮೊದಲು ಅವರು ಬಸ್ಸು ಹತ್ತಿದಾಗೆಲ್ಲ ನಾನು ಹೊಲಿದದ್ದನ್ನೇ ಬಿಚ್ಚಿ ಮತ್ತೆ ಹೊಲಿಯುತ್ತ ಕೂರುತ್ತಿದ್ದೆ. ಸಂಜೆ ಅವರು ಟ್ಯೂಬಿನ ಗಂಟು ಹೊತ್ತು ಓಣಿಯಲ್ಲಿ ಕಾಣಿಸಿದರೆ, ಮದುವೆಯಾಗಿ ಇಷ್ಟು ವರ್ಷವಾದರೂ ನಾನು ಇವತ್ತಿಗೂ ಮಿಷನ್ನು ಬಿಟ್ಟು ಎದ್ದು ನಿಲ್ಲುತ್ತೇನೆ.

ಮೂರು ವರ್ಷದ ಹಿಂದೆ ಗುಡ್ಡದ ಮೇಲೆ ಟವರು ಬಂತು. ಇವರು ನನಗೊಂದು ಫೋನು ತಂದುಕೊಟ್ಟು, ಜಂಪರಿನ ಡಿಸೈನುಗಳನ್ನು ಲೈವಿನಲ್ಲಿ ತೋರಿಸಿದರೆ ಗಿರಾಕಿ ಹೆಚ್ಚುತ್ತಾರೆ ಎಂದರು. ದಿನಾ ಬೆಳಗ್ಗೆ ಹತ್ತು ಗಂಟೆಗೆ ಕರೆಂಟು ಬರುತ್ತಿತ್ತು, ಲೈವು ಆಗಲೇ. ಸೈಕಲ್ಲಿನ ಹಳೆ ಕಡ್ಡಿಗಳನ್ನು ಬಗ್ಗಿಸಿ ಇವರೇ ಮಾಡಿಕೊಟ್ಟ ಸ್ಟ್ಯಾಂಡಿಗೆ ಫೋನು ಸಿಕ್ಕಿಸಿ, ನಾನು ಕೊರಳಪಟ್ಟಿ, ಪಫ್ ತೋಳು, ಹಿಂದಿನ ದಾರ ಎಂದು ಒಬ್ಬಳೇ ಹೇಳುತ್ತ ಕೂರುತ್ತಿದ್ದೆ. ನೋಡುವವರು ಇಬ್ಬರು. ಒಬ್ಬರು ಪಕ್ಕದ ಮನೆಯವರು, ಇನ್ನೊಬ್ಬರು ಸ್ವತಃ ಇವರು, ಅಂಗಡಿಯಲ್ಲಿ ಕೂತು ನನ್ನ ಮರ್ಯಾದೆ ಉಳಿಸಲು ನೋಡುತ್ತಿದ್ದರು.

ಒಂದು ದಿನ ಸ್ಟ್ಯಾಂಡು ಜಾರಿ ಫೋನು ಓಣಿಯ ಕಡೆ ತಿರುಗಿತು. ನಾನು ಅದನ್ನು ಸರಿಮಾಡಲು ಕೈ ಚಾಚಿದಾಗ ಪರದೆಯ ಮೇಲೆ ಒಂದು ಕಮೆಂಟು ಬಂತು. ‘ಅಕ್ಕಾರ, ಹಂಗ ಇರ್ಲಿ ಬಿಡ್ರಿ. ಹಿಂದ ಕಾಣೂದು ಗಿರಣಿ ಅಲ್ಲೇನ್ರಿ? ಅದರ ಪಟ್ಟಾ ಇನ್ನೂ ಪಟ್ ಪಟ್ ಅಂತೈತೇನ್ರಿ?’ ನಾನು ಫೋನನ್ನು ಕೈಯಲ್ಲಿ ಹಿಡಿದು ಗಿರಣಿಯ ಬಾಗಿಲಿಗೆ ಹೋಗಿ ನಿಂತೆ. ಪಟ್ಟಾ ಪಟ್ ಪಟ್ ಎನ್ನುತ್ತಿತ್ತು. ಆ ಕಡೆಯಿಂದ ಬಂತು: ‘ಮೂವತ್ತೊಂದು ವರ್ಷ ಆತ್ರಿ.’

ಅವರ ಹೆಸರು ದೇವೇಂದ್ರಪ್ಪ. ನಮ್ಮೂರ ಕುಂಬಾರ ಓಣಿಯವರು, ದೂರದ ಒಂದು ಶಹರದಲ್ಲಿ ಕ್ಷೌರದಂಗಡಿ ಇಟ್ಟುಕೊಂಡಿದ್ದರು. ಅವತ್ತಿನಿಂದ ನಾನು ಜಂಪರಿನ ಜೊತೆಗೆ ಊರನ್ನೂ ತೋರಿಸತೊಡಗಿದೆ. ದೇವೇಂದ್ರಪ್ಪ ತಮಗೆ ಗೊತ್ತಿದ್ದ ನಾಲ್ವರನ್ನು ಕರೆತಂದರು, ಆ ನಾಲ್ವರು ಮತ್ತಿಬ್ಬರನ್ನು. ಆದರೆ ಬಂದವರು ನಿಲ್ಲುತ್ತಿರಲಿಲ್ಲ. ನಾನು ನಡೆಯುತ್ತ ಇದು ಶಾಲೆ, ಇದು ಬಾವಿ ಎಂದು ಬಡಬಡಿಸುತ್ತಿದ್ದೆ. ಅವರು ನೋಡಿ, ನಿಟ್ಟುಸಿರು ಬಿಟ್ಟು, ಹೋಗಿಬಿಡುತ್ತಿದ್ದರು. ಕೊನೆಗೆ ದೇವೇಂದ್ರಪ್ಪನೇ ಫೋನು ಮಾಡಿದರು.

“ತಂಗೀ, ತಪ್ಪು ತಿಳೀಬ್ಯಾಡ. ನೀ ಮಾತಾಡೂದು ಜಾಸ್ತಿ ಆತು. ಅಂಗಡ್ಯಾಗ ನಾನೂ ಮೊದಲು ಹಂಗ ಮಾಡ್ತಿದ್ದೆ. ಕುರ್ಚಿ ಮ್ಯಾಲೆ ಕುಂತಾವ ತಾನು ಮಾತಾಡಾಕ ಬಂದಿರ್ತಾನ. ಆಂವನ್ನ ಮಾತಾಡಸು. ಹೆಸರು ಹಿಡಿದು ಕರಿ. ಯಾವ ಓಣಿ, ಯಾರ ಮಗ ಅಂತ ಕೇಳು. ಅಲ್ಲೆ ಕುಂತ ಇನ್ನೊಬ್ಬಂಗ ಗುರ್ತು ಹಚ್ಚಿಕೊಡು.”

ನಾನು ಹಾಗೇ ಮಾಡಿದೆ. ಒಳಗೆ ಬಂದ ಪ್ರತಿಯೊಬ್ಬರನ್ನೂ ಹೆಸರು ಹಿಡಿದು ಕರೆದೆ. ಲೈವು ಮುಗಿದ ಮೇಲೂ ಮಾತು ನಿಲ್ಲಬಾರದೆಂದು ಒಂದು ಚಾಟ್ ಗ್ರೂಪು ಮಾಡಿದೆವು. ಅಲ್ಲಿ ನಂಬರು ಕಾಣುತ್ತಿರಲಿಲ್ಲ, ಅವರವರು ಇಟ್ಟುಕೊಂಡ ಹೆಸರಷ್ಟೇ. ಸೇರುವವರು ದೇವೇಂದ್ರಪ್ಪನವರಿಗೆ ತಮ್ಮ ಓಣಿ ಯಾವುದು, ಈಗ ಏನು ಮಾಡುತ್ತಾರೆ ಎಂದು ಹೇಳಬೇಕು. ಜಾತಿ, ಪಾರ್ಟಿ ಎತ್ತುವಂತಿಲ್ಲ. ದಿನಕ್ಕೊಬ್ಬರ ಆಸೆ ಮಾತ್ರ. ಹಿಂದಿನ ದಿನವೇ ಗ್ರೂಪಿನಲ್ಲಿ ಸರದಿ ತೀರ್ಮಾನವಾಗಬೇಕು. ಹಾಗೆ ಬಂದ ಆಸೆಗಳು ಎಂಥವು! ಒಬ್ಬಳಿಗೆ ತನ್ನ ಮನೆಯ ಹಿಂಬಾಗಿಲಿನ ಅಗುಳಿ ಹಾಕುವ ಸದ್ದು ಬೇಕಿತ್ತು. ಒಬ್ಬ ನಿವೃತ್ತ ಪೊಲೀಸಿಗೆ ತಾನು ಹುಡುಗನಾಗಿದ್ದಾಗ ಎಡವಿ ಬೀಳುತ್ತಿದ್ದ ಕಲ್ಲು ಬೇಕಿತ್ತು. ಆ ಕಲ್ಲು ಅಲ್ಲೇ ಇತ್ತು, ನಾನೂ ಎಡವಿದೆ. ಗ್ರೂಪಿನಲ್ಲಿ ಇನ್ನೂರು ಜನ ನಕ್ಕರು.

ಏಳು ಜನ ಇದ್ದದ್ದು ನಲವತ್ತಾಯಿತು, ಮುನ್ನೂರಾಯಿತು. ಆರು ತಿಂಗಳಾದ ಮೇಲೆ ನನಗೊಂದು ವಿಷಯ ಹೊಳೆಯಿತು. ಒಂದು ದಿನ ಜ್ವರ ಬಂದು ನಾನು ಲೈವಿಗೆ ಹೋಗಲಿಲ್ಲ. ಸಂಜೆ ಗ್ರೂಪು ತೆರೆದರೆ, ನಾನಿಲ್ಲದೆಯೇ ಒಂಬೈನೂರು ಮೆಸೇಜು. ಒಂದೇ ಶಹರದಲ್ಲಿ ಇಪ್ಪತ್ತು ವರ್ಷದಿಂದ ಎರಡು ಬೀದಿ ಆಚೀಚೆ ಇದ್ದವರು ಇಲ್ಲಿ ಗುರುತು ಹಿಡಿದಿದ್ದರು. ಒಬ್ಬನ ಹೆಂಡತಿಗೆ ಆಪರೇಷನ್ನು. ರಕ್ತ ಕೊಡಲು ನಮ್ಮ ತಳವಾರ ಓಣಿಯವರೇ ಮೂವರು ಹೋಗಿದ್ದರು. ಅವರು ಬರುತ್ತಿದ್ದದ್ದು ನನ್ನನ್ನು ನೋಡಲಲ್ಲ, ಊರನ್ನು ನೋಡಲೂ ಅಲ್ಲ. ಊರನ್ನು ಒಟ್ಟಿಗೆ ಕೂತು ನೋಡಲು. ನನಗೆ ಮೊದಲು ಸ್ವಲ್ಪ ಪಿಚ್ಚೆನಿಸಿತು. ಆಮೇಲೆ ಹಗುರಾಯಿತು.

ಊರವರೆಲ್ಲ ಇದನ್ನು ಒಪ್ಪಿದರು ಅಂತಲ್ಲ. ಕಲ್ಲಪ್ಪಜ್ಜ ಫೋನು ಕಂಡರೆ ಟವೆಲಿನಿಂದ ಮುಖ ಮುಚ್ಚಿಕೊಳ್ಳುತ್ತಿದ್ದ. “ನನ್ನ ಬಿಟ್ಟು ಹೋದಾಕಿಗೆ ನನ್ನ ಮಾರಿ ಯಾಕ ತೋರಸ್ತಿ?” ಎಂದು ಒಮ್ಮೆ ಕೋಲು ಎತ್ತಿದ್ದ. ಅವನ ಹೆಂಡತಿ ಹೋಗಿ ನಲವತ್ತು ವರ್ಷ. ನಾನು ಅವನ ಕಟ್ಟೆಯನ್ನು ಬಳಸಿ ನಡೆಯತೊಡಗಿದೆ. ಎಷ್ಟೋ ತಿಂಗಳಾದ ಮೇಲೆ ಒಂದು ಬೆಳಗ್ಗೆ ಅವನೇ ನಮ್ಮ ಮನೆಗೆ ಬಂದ. ಗಡ್ಡ ಕೆರೆಸಿಕೊಂಡಿದ್ದ, ಒಗೆದ ಅಂಗಿ.

“ಆಕಿ ಅದರಾಗ ಬರ್ತಾಳೇನು?”

“ಗೊತ್ತಿಲ್ಲಜ್ಜಾ. ಎಲ್ಲಾರೂ ತಮ್ಮ ಖರೇ ಹೆಸರು ಹಾಕೂದಿಲ್ಲ.”

ಅಜ್ಜ ಅಂಗಿಯ ಮೇಲಿನ ಗುಂಡಿ ಹಾಕಿಕೊಂಡ. “ಕಟ್ಟೀ ಮುಂದ ಹಾದು ಹೋಗು. ಹಂಗ ಸುಮ್ಮ ಹೋದಂಗ ಹೋಗು,” ಎಂದು ಹೇಳಿ ಹೋದ. ನಾನು ಹಾದು ಹೋದೆ. ಅವನು ಫೋನಿನ ಕಡೆ ನೋಡಲಿಲ್ಲ, ಆದರೆ ಬೆನ್ನು ನೆಟ್ಟಗೆ ಮಾಡಿ ಕೂತಿದ್ದ.

ನನ್ನದೂ ಅದೇ ಕತೆ, ಯಾರಿಗೂ ಹೇಳಿರಲಿಲ್ಲ ಅಷ್ಟೇ. ಪ್ರತಿ ಹೊಸ ಹೆಸರು ಬಂದಾಗಲೂ ಯಾವ ಓಣಿ ಎಂದು ಕೇಳಿ, ನಾನು ಸೂಜಿ ಬಿಟ್ಟು ಪರದೆಯನ್ನೇ ನೋಡುತ್ತಿದ್ದೆ. ಲಕ್ಷ ಜನ ನೋಡುವ ಚಾನೆಲ್ಲಿನವನೊಬ್ಬ ಹೇಗೋ ವಾಸನೆ ಹಿಡಿದು ಬಂದು, “ಮೇಡಂ, ನಿಮ್ಮ ಅಕ್ಕನ ವಿಷಯ ಹೇಳಿ ಸ್ವಲ್ಪ ಅತ್ತರೆ ಒಂದೇ ವಾರದಲ್ಲಿ ಊರು ತುಂಬ ಜನ ಸೇರುತ್ತಾರೆ,” ಎಂದ. ಚಹಾ ಕೊಟ್ಟು ಕಳಿಸಿದೆ. ಜನ ಸೇರಿಸುವುದು ನನಗೆ ಬೇಕಾಗಿತ್ತು. ಸೇರಿದವರಲ್ಲಿ ಒಬ್ಬಳು ಅವಳಾಗಿರಲಿ ಎಂದೇ ಬೇಕಾಗಿತ್ತು. ಆದರೆ ಅಳುತ್ತ ಕೂಗಿ ಕರೆದರೆ ಅವಳು ಬರುವವಳಲ್ಲ ಎಂದೂ ಗೊತ್ತಿತ್ತು.

ಗ್ರೂಪಿನಲ್ಲಿ ‘ಗಿರಾಕಿ’ ಎಂಬ ಹೆಸರಿನವರು ಒಬ್ಬರಿದ್ದರು. ಲೈವಿಗೆ ಎಲ್ಲರಿಗಿಂತ ಮೊದಲು ಬರುವರು, ಎಲ್ಲರೂ ಹೋದ ಮೇಲೆ ಹೋಗುವರು. ಒಂದು ಅಕ್ಷರ ಬರೆದವರಲ್ಲ. ಒಂದು ಆಸೆ ಕೇಳಿದವರಲ್ಲ. ತಿಂಗಳುಗಟ್ಟಲೆ ಬಾಯಿ ಬಿಡದವರನ್ನು ಗ್ರೂಪಿನಿಂದ ತೆಗೆಯೋಣ ಎಂದು ಕೆಲವರು ಅಂದಾಗ ನಾನು ಬೇಡವೆಂದೆ. ಮದುವೆಮನೆಯಲ್ಲಿ ಕಂಬಕ್ಕೊರಗಿ ಸುಮ್ಮನೆ ಕೂತವರೂ ಬಂದವರೇ ಅಲ್ಲವೇ.

ಕಳೆದ ಮಾಘಮಾಸದ ಒಂದು ದಿನ ಹೊರಗೆ ಧೂಳು ಎದ್ದಿತ್ತೆಂದು ನಾನು ಒಳಗೇ ಕೂತು ಹೊಲಿಯುತ್ತ ಲೈವು ಮಾಡುತ್ತಿದ್ದೆ. ಆರುನೂರು ಜನ ಇದ್ದರು. ಗಿರಣಿಯವನ ಮಗಳ ಲಗ್ನದ ರವಿಕೆ, ಹಸಿರು ರೇಷ್ಮೆ. ಚಾಟಿನಲ್ಲಿ ಯಾರೋ ಹೇಳಿದ ಹಳೆ ಜಗಳದ ಕತೆಗೆ ನಗುತ್ತ, ಹೆಸರುಗಳನ್ನು ಓದುತ್ತ, ತೋಳು ಕೂಡಿಸುತ್ತಿದ್ದೆ. ಆಗ ಪರದೆಯ ಕೆಳಗಿನಿಂದ ಒಂದು ಸಾಲು ಮೇಲೇರಿತು.

‘ತೋಳು ಅದಲು ಬದಲು ಆಗೇತಿ, ಕಸ್ತೂ. ಬಿಚ್ಚು.’

ಹೆಸರು, ಗಿರಾಕಿ.

ಎಡತೋಳನ್ನು ಬಲಕ್ಕೆ ಹಚ್ಚುವುದು ನನ್ನ ಹುಟ್ಟುಗುಣ. ಊರೆಲ್ಲ ನನ್ನನ್ನು ಕಸ್ತೂರಿ ಅನ್ನುತ್ತದೆ. ಕಸ್ತೂ ಎಂದು ಅರ್ಧಕ್ಕೆ ನಿಲ್ಲಿಸುತ್ತಿದ್ದವಳು ಒಬ್ಬಳೇ. ನನ್ನ ಕಾಲು ಮಿಷನ್ನಿನ ಪೆಡಲಿನ ಮೇಲೆ ನಿಂತುಬಿಟ್ಟಿತು. ಆರುನೂರು ಜನರೆದುರು ನಾನು “ಅಕ್ಕಾ” ಎಂದೆ. ಅಷ್ಟರಲ್ಲಿ ಗಿರಾಕಿ ಲೈವು ಬಿಟ್ಟು ಹೋಗಿತ್ತು. ಸಂಜೆಯೊಳಗೆ ಗ್ರೂಪನ್ನೂ ಬಿಟ್ಟಿತ್ತು.

ಆಮೇಲಿನ ದಿನಗಳಲ್ಲಿ ನಾನು ಊರನ್ನು ತೋರಿಸಿದೆನೋ ಇಲ್ಲವೋ ನೆನಪಿಲ್ಲ. ಗ್ರೂಪೇ ನನ್ನನ್ನು ಎತ್ತಿಕೊಂಡಿತು. ದೇವೇಂದ್ರಪ್ಪ ತಮ್ಮ ಹಳೇ ಮೆಸೇಜುಗಳನ್ನೆಲ್ಲ ಹುಡುಕಿ, ಗಿರಾಕಿ ಸೇರುವಾಗ ಬರೆದ ಸಾಲನ್ನು ತೆಗೆದರು: ‘ಸಂತೆ ಓಣಿ. ಈಗ ದೊಡ್ಡ ದವಾಖಾನ್ಯಾಗ ಹೊಲಿಗಿ ಕೆಲಸ.’ ಜೊತೆಗೆ ಶಹರದ ಹೆಸರು. ಆ ಶಹರದಲ್ಲಿ ನಮ್ಮವರು ಹದಿನಾಲ್ಕು ಜನ ಇದ್ದರು. ಒಬ್ಬ ಆಟೋ ಓಡಿಸುವವನು, ಒಬ್ಬಳು ಹೂವು ಮಾರುವವಳು, ಇಬ್ಬರು ಟೀಚರುಗಳು. ದವಾಖಾನೆಗಳನ್ನು ಹಂಚಿಕೊಂಡು ಹನ್ನೊಂದು ದಿನ ತಿರುಗಿದರು. ಹೂವು ಮಾರುವ ತಾಯಕ್ಕನಿಗೆ ಅಕ್ಕ ಸಿಕ್ಕಳು, ಹಾಸಿಗೆಯ ಚಾದರುಗಳಿಗೆ ಅಂಚು ಹೊಲಿಯುವ ನೆಲಮಾಳಿಗೆಯ ಕೋಣೆಯಲ್ಲಿ. ತಾಯಕ್ಕ ನನಗೆ ಧ್ವನಿ ಮೆಸೇಜು ಕಳಿಸಿದಳು: “ಸಿಕ್ಕಾಳವ್ವಾ. ಆರಾಮ ಅದಾಳ. ಲಗ್ನ ಆಗಿಲ್ಲಂತ. ಕಸ್ತೂರಿ ಕರೀತಾಳ ಅಂದೆ. ‘ಯಾವ ಮಾರಿ ಇಟ್ಕೊಂಡು ಮಾತಾಡ್ಲಿ’ ಅಂದ್ಲು. ಅಷ್ಟ ಅಂದು ಮಿಷನ್ ಹೊಡಿಯಾಕ ಹತ್ತಿದ್ಲು.”

ಆ ಮಾತು ಕೇಳಿದ ಕೂಡಲೇ ನಾನು ಟ್ರಂಕು ತೆಗೆದು ಸೀರೆ ಇಡತೊಡಗಿದೆ. ಇವರು ಬಾಗಿಲಲ್ಲಿ ನಿಂತು ನೋಡಿದರು. ಕೈಗೆ ಗ್ರೀಸು ಹತ್ತಿತ್ತು, ಒರೆಸಿಕೊಳ್ಳುವುದನ್ನೂ ಮರೆತಿದ್ದರು.

“ಹೋಗ್ತೀಯೇನು?”

“ಹೋಗ್ತೀನಿ.”

“ಹಂಗಾರ ನಾನೂ ಬರ್ತೀನಿ. ಪಂಚರ್ ಎಲ್ಲಾ ಊರಾಗೂ ಆಗ್ತಾವ.” ಹೊಸ್ತಿಲ ಮೇಲೆ ಕೂತರು. ಬಹಳ ಮಾತಾಡುವವರಲ್ಲ, ಅವತ್ತು ಮಾತಾಡಿದರು. “ಆದ್ರ ಒಂದು ಮಾತು ಕೇಳು. ನಾ ನನ್ನ ಊರು ಬಿಟ್ಟು ಹನ್ನೆರಡು ವರ್ಷ ಆತು. ಒಂದು ಸಲನೂ ಹೋಗಿಲ್ಲ. ಬೇಕಂದ್ರ ನಾಳೆ ಹೋಗಬಹುದಲ್ಲ ಅಂತ ಗೊತ್ತಿರೂದಕ್ಕ ಹೋಗಿಲ್ಲ. ಬೇಕಂದ್ರೂ ಆಗೂದಿಲ್ಲ ಅನ್ನೂದು ಹೆಂಗಿರತೈತೋ ನನಗ ಗೊತ್ತಿಲ್ಲ. ಅದನ್ನ ನನ್ನ ಕೇಳಬ್ಯಾಡ, ನಿಮ್ಮ ಗ್ರೂಪಿನವರನ್ನ ಕೇಳು.”

ಮರುದಿನ ಹತ್ತು ಗಂಟೆಗೆ ನಾನು ಯಾರ ಹೆಸರನ್ನೂ ಕರೆಯಲಿಲ್ಲ. ಫೋನಿನ ಮುಂದೆ ಕೂತು ಕೇಳಿದೆ, “ನಾ ಬರ್ಲೇನು? ನೀವೆಲ್ಲಾ ಹೇಳ್ರಿ.” ಸಾವಿರದ ಮೇಲೆ ಜನ ಇದ್ದರು. ಚಾಟು ಹರಿಯತೊಡಗಿತು. ‘ಬಾ ತಂಗಿ’ ಎಂದರು ಅರ್ಧ. ‘ಬರಬ್ಯಾಡ’ ಎಂದರು ಅರ್ಧ. ಒಬ್ಬರು, ‘ಮೊದಲ ವರ್ಷ ಕಷ್ಟ, ಆಮ್ಯಾಲೂ ಕಷ್ಟ, ಬರೇ ರೂಢಿ ಆಗತೈತಿ,’ ಎಂದು ಬರೆದರು. ಇನ್ನೊಬ್ಬರು, ‘ನಮ್ಮ ಮನಿ ಬಾಗಿಲಾ ನಾಳೆ ಯಾರು ತೋರಸ್ತಾರ?’ ಎಂದು ಬರೆದು, ಕೂಡಲೇ ‘ತಪ್ಪಾತು, ಸ್ವಾರ್ಥದ ಮಾತು,’ ಎಂದು ಬರೆದರು.

ಆಗ ಗಿರಾಕಿ ಒಳಗೆ ಬಂದಿತು. ಆ ಹೆಸರು ಕಂಡದ್ದೇ ಚಾಟು ತಾನಾಗಿ ನಿಂತಿತು. ಸಾವಿರ ಜನ ಬೆರಳು ತಡೆಹಿಡಿದು ಕೂತದ್ದು ನನಗೆ ಕಂಡಂತಾಯಿತು.

‘ನೀ ಬರಬ್ಯಾಡ. ನೀ ಬಂದ್ರ ನನಗ ಊರು ತೋರಸಾವರು ಯಾರು?’

ಅದರ ಕೆಳಗೆ ಇನ್ನೊಂದು ಸಾಲು. ‘ನಾನ ಬರ್ತೀನಿ. ಎಲ್ಲೀತನಕ ಬರಾಕ ಆಗತೈತೋ ಅಲ್ಲೀತನಕ.’

ಹೋದವರು ತಿರುವಿನ ತನಕ ಬರಬಹುದೆಂದು, ಒಳಗಿನವರು ಈ ಕಡೆ ಬಂದು ನಿಲ್ಲಬಹುದೆಂದು ಇಷ್ಟು ವರ್ಷ ಯಾರಿಗೂ ಯಾಕೆ ತೋಚಲಿಲ್ಲವೋ. ಪ್ರಾಯಶಃ ಕಾಣದವರ ಎದುರು ನಿಂತು ಏನು ಮಾಡುವುದೆಂದು ಇರಬೇಕು. ಅವರಿಗೆ ನಾವು ಕಾಣುವುದಿಲ್ಲ, ನಮಗೂ ಅವರು ಕಾಣುವುದಿಲ್ಲ. ಇಬ್ಬರಿಗೂ ಕಾಣುವವರು ನನ್ನ ಗಂಡನಂಥ ಪರವೂರಿನವರು ಮಾತ್ರ. ಗ್ರೂಪಿನಲ್ಲಿ ಎಲ್ಲ ಮಾತಾಯಿತು. ಸೋಮವಾರ, ಹತ್ತು ಗಂಟೆ. ಬಸ್ಸಿನಲ್ಲಿ ದೇವೇಂದ್ರಪ್ಪ, ತಾಯಕ್ಕ ಜೊತೆಗೆ ಬರುತ್ತಾರೆ. ಇವರು ಕೆಂಪು ಟವೆಲು ಹಿಡಿದು ತಿರುವಿನ ಮೈಲಿಗಲ್ಲಿನ ಪಕ್ಕ ನಿಂತಿರುತ್ತಾರೆ. ಆ ಟವೆಲು ಕಂಡಲ್ಲಿ ಬಸ್ಸು ನಿಲ್ಲಿಸಿ ಇಳಿಯುವುದು.

ಆ ಸೋಮವಾರ ಸಂತೆ ಓಣಿಯ ಅರ್ಧ ಜನ ನನ್ನ ಹಿಂದೆ ಬಂದರು. ತಿರುವಿಗೆ ಇಪ್ಪತ್ತು ಹೆಜ್ಜೆ ಹಿಂದೆಯೇ ಎಲ್ಲರೂ ನಿಂತರು. ಅಲ್ಲಿಂದ ಮುಂದೆ ಹೋಗಲು ಹೆದರಿಕೆ. ನಾನೊಬ್ಬಳೇ ಮೈಲಿಗಲ್ಲಿನ ತನಕ ಹೋದೆ. ಹೆದ್ದಾರಿಯಲ್ಲಿ ಲಾರಿಗಳು ಓಡಾಡುತ್ತಿದ್ದವು. ಒಂದು ಬಸ್ಸು ನಿಧಾನಿಸಿ ನಿಂತಿತು, ಬಾಗಿಲು ತೆರೆಯಿತು, ಮುಚ್ಚಿತು, ಹೋಯಿತು. ನನ್ನ ಕಣ್ಣಿಗೆ ಯಾರೂ ಇಳಿಯಲಿಲ್ಲ. ಆದರೆ ಇವರು ಟವೆಲನ್ನು ಹೆಗಲಿಗೆ ಹಾಕಿಕೊಂಡು ಬರಿಗಾಳಿಗೆ ಮೂರು ಸಲ ಕೈಮುಗಿದರು.

“ಬರ್ರಿ ಅಕ್ಕಾರ,” ಎಂದರು. “ಹಿಂಗ, ಕಲ್ಲಿನ ಕಡೆ ಬರ್ರಿ.”

ನನ್ನ ಫೋನು ಬಡಿದುಕೊಂಡಿತು. ತೆಗೆದರೆ ಅಕ್ಕ. ಕನ್ನಡಕ ಬಂದಿತ್ತು. ಕೂದಲು ಅರ್ಧ ನರೆತಿತ್ತು. ಹಿಂದೆ ಸೂರ್ಯಕಾಂತಿ ಹೊಲ. ಅವಳಿಗೆ ಹೊಲ ಕಂಡ ಕಡೆ ನನಗೆ ನನ್ನ ಓಣಿಯವರು ಕಾಣುತ್ತಿದ್ದರು.

“ಅಕ್ಕಾ.”

“ಹೂಂ.”

“ಎಲ್ಲೆ ನಿಂತೀ?”

“ಕಲ್ಲಿನ ಬಾಜೂಕ. ನೀ?”

“ನಾನೂ ಕಲ್ಲಿನ ಬಾಜೂಕ.”

ನಾನು ಫೋನಿನಿಂದ ಕಣ್ಣೆತ್ತಿ ನೋಡಿದೆ. ಕಲ್ಲು, ಅದರಾಚೆ ಒಣಹುಲ್ಲು, ಡಾಂಬರು. ಹುಲ್ಲು ಒಂದು ಕಡೆ ತುಳಿದಂತೆ ಬಾಗಿತ್ತೇ? ಗಾಳಿಯಿತ್ತು, ಹೇಳಲಾಗದು.

“ಎರಡು ಮಾರು ಐತಿ, ನಿಮ್ಮಿಬ್ಬರ ನಡುವ,” ಎಂದರು ಇವರು. “ಹೆಚ್ಚಿಲ್ಲ.”

“ಅವ್ವ...” ಎಂದು ನಾನು ಶುರುಮಾಡಿದೆ.

“ಗೊತ್ತಾತು,” ಎಂದಳು ಅಕ್ಕ. “ನೀ ಮೊದಲನೇ ಸಲ ನಡುಮನಿ ತೋರಿಸಿದಾಗ ಗ್ವಾಡಿ ಮ್ಯಾಲೆ ಫೋಟೋಕ್ಕ ಮಾಲಿ ಇತ್ತು. ಅವತ್ತ ಮಾತಾಡಬೇಕಂತ ಮಾಡಿದ್ದೆ. ಏನಂತ ಬರೀಲಿ? ದಿನಾ ಬಂದು ಕುಂದರತಿದ್ದೆ. ನಾಳೆ ಬರದ್ರಾತು ಅಂತ ಹೋಗ್ತಿದ್ದೆ.”

ಇಪ್ಪತ್ತು ವರ್ಷ ಹೊಟ್ಟೆಯಲ್ಲಿಟ್ಟುಕೊಂಡದ್ದನ್ನು ಹೀಗೆ ರಸ್ತೆಯ ಮೇಲೆ ಕೇಳುತ್ತೇನೆಂದು ನಾನು ಅಂದುಕೊಂಡಿರಲಿಲ್ಲ. ಕೇಳಿಬಿಟ್ಟೆ.

“ನನಗೊಂದು ಮಾತು ಹೇಳಿ ಹೋಗಬೇಕಿತ್ತು. ನಾ ಯಾರಿಗೂ ಹೇಳತಿರಲಿಲ್ಲ.”

ಅಕ್ಕ ಕನ್ನಡಕ ತೆಗೆದಳು. “ಹೇಳಿದ್ನಲ್ಲ, ಕಸ್ತೂ.”

“ಯಾವಾಗ?”

“ಅವತ್ತ ಎಬ್ಬಿಸಿದೆ. ಹೆಗಲ ಹಿಡದು ಅಳ್ಳಾಡಿಸಿ ಎಬ್ಬಿಸಿ, ‘ಹೋಗ್ತೀನಿ’ ಅಂದೆ. ನೀ ಕಣ್ಣು ತೆರೀಲಿಲ್ಲ. ‘ಹೂಂ, ಲಗೂನ ಬಾ’ ಅಂದಿ. ಅಂದು ಮಗ್ಗಲ ಬದಲಿಸಿ ಮಲಕೊಂಡಿ.” ಅವಳು ಕನ್ನಡಕವನ್ನು ಸೆರಗಿನಿಂದ ಒರೆಸಿದಳು. “ನಮ್ಮೂರಾಗ ಹೋಗಾವರಿಗೆ ಯಾರಾದ್ರೂ ಹಂಗ ಅಂತಾರೇನು? ನೀ ಒಬ್ಬಾಕಿನ ಅಂದಿ. ಬಸ್ ತಿರುವು ದಾಟೂತನಕ ಇಳಿದು ಓಡಿ ಬರಬೇಕಂತ ಅನಸ್ತಿತ್ತು.”

ನನಗೆ ಅದು ನೆನಪಿಲ್ಲ. ಎಷ್ಟು ಅಗೆದರೂ ನೆನಪಿಲ್ಲ. ಆದರೆ ನಾನು ಅಂದಿರಬೇಕು. ಅವಳು ಸುಳ್ಳು ಹೇಳುವವಳಲ್ಲ.

“ಲಗೂ ಬರಾಕ ಆಗಲಿಲ್ಲ,” ಎಂದಳು ಅಕ್ಕ.

ನಾನು ಕಲ್ಲನ್ನು ಹಿಡಿದುಕೊಂಡೆ. ಒಂದು ಹೆಜ್ಜೆ ಇಟ್ಟರೆ ಆಯಿತು, ಅವಳು ಕಾಣುತ್ತಿದ್ದಳು, ಸಿಗುತ್ತಿದ್ದಳು. ನನ್ನ ಕಾಲು ಎತ್ತಿದ್ದೂ ಹೌದು. ಇವರು ಅದನ್ನು ಕಂಡರೋ ಏನೋ, ತಡೆಯಲಿಲ್ಲ, ಬೇಡ ಅನ್ನಲಿಲ್ಲ. ಕೈಯನ್ನು ಪಂಚೆಗೆ ಎರಡೆರಡು ಸಲ ಒರೆಸಿಕೊಂಡು, “ಅಕ್ಕಾರ, ತಪ್ಪು ತಿಳೀಬ್ಯಾಡ್ರಿ,” ಎಂದು ಬಲಗೈಯನ್ನು ರಸ್ತೆಯ ಕಡೆ ಚಾಚಿದರು. ಎಡಗೈಯನ್ನು ನನ್ನ ಕಡೆ ಚಾಚಿದರು. ನಾನು ಹಿಡಿದೆ. ಬಲಗೈಯ ಬೆರಳುಗಳು ಗಾಳಿಯಲ್ಲಿ ಮೆಲ್ಲಗೆ ಮಡಚಿಕೊಂಡು ಏನನ್ನೋ ಹಿಡಿದವು.

ಎರಡೂ ತೋಳು ಅಗಲಿಸಿ, ಮೈಲಿಗಲ್ಲಿನ ಪಕ್ಕ, ಮುಖ ಕೆಳಗೆ ಹಾಕಿ ನಿಂತಿದ್ದರು ನನ್ನ ಗಂಡ. ಹೆಂಡತಿಯ ಅಕ್ಕನ ಕೈ ಹಿಡಿದ ಸಂಕೋಚಕ್ಕೆ ಕಿವಿಯೆಲ್ಲ ಕೆಂಪಾಗಿತ್ತು. ನಾನು ಅವರ ಕೈಯನ್ನು ಒತ್ತಿದೆ. ಅವರು ಸ್ವಲ್ಪ ತಡೆದು ಆ ಕಡೆಯ ಕೈಯನ್ನು ಒತ್ತಿದರು. ಆಮೇಲೆ ನನ್ನ ಕೈಯಲ್ಲಿದ್ದ ಅವರ ಕೈ ಎರಡು ಸಲ ಒತ್ತಿತು. ಅದು ಅವರು ಒತ್ತಿದ್ದಲ್ಲ ಎಂದು ನನಗೆ ತಿಳಿಯಿತು. ಫೋನು ಹುಲ್ಲಿನ ಮೇಲೆ ಬಿದ್ದಿತ್ತು.

ಎಷ್ಟು ಹೊತ್ತೋ. ಬಸ್ಸು ಬಂತು, ಹಾರ್ನು ಹಾಕಿತು. ಇವರು, “ಹೂಂ, ಹತ್ರಿ ಅಕ್ಕಾರ, ಹುಷಾರು,” ಎಂದರು. ಬಾಗಿಲು ತೆರೆದು ಮುಚ್ಚಿತು. ಬಸ್ಸಿನ ಕಿಟಕಿಗಳಲ್ಲಿ ಗುರುತಿಲ್ಲದ ಮುಖಗಳು ನಮ್ಮನ್ನು ನೋಡುತ್ತ ಹೋದವು. ಒಂದು ಕಿಟಕಿ ಮಾತ್ರ ಖಾಲಿ ಕಂಡಿತು. ನಾನು ಅದಕ್ಕೆ ಕೈ ಬೀಸಿದೆ.

ಹಿಂದೆ ನಿಂತಿದ್ದವರು ಒಬ್ಬೊಬ್ಬರೇ ಮಾತು ಶುರುಮಾಡಿದರು. ಮುಂದಿನ ಸೋಮವಾರ ತನ್ನ ತಮ್ಮನನ್ನು ಕರೆಸಬಹುದೇ ಎಂದು ಗಿರಣಿಯವನು ಇವರನ್ನು ಕೇಳಿದ. ಕಲ್ಲಪ್ಪಜ್ಜ ಇವರ ಪಕ್ಕಕ್ಕೆ ಬಂದು ಬೆನ್ನು ನೆಟ್ಟಗೆ ಮಾಡಿ ನಿಂತ. ಇವರು ಎಲ್ಲರಿಗೂ ಹೂಂ ಹೂಂ ಎನ್ನುತ್ತಿದ್ದರು. ಬಲಗೈಯನ್ನು ಮಾತ್ರ ಎಲ್ಲಿಡಬೇಕೆಂದು ತಿಳಿಯದವರಂತೆ ಮೈಯಿಂದ ದೂರ ಹಿಡಿದಿದ್ದರು.

ಇವರು ಊರ ಕಡೆ ತಿರುಗಿದಾಗ ನಾನು ಎಡಗಡೆಯಿಂದ ಬಲಗಡೆಗೆ ಸುತ್ತಿ ಹೋಗಿ ಆ ಕೈಯನ್ನು ಹಿಡಿದುಕೊಂಡೆ. ಇನ್ನೂ ಬಿಸಿಯಾಗಿತ್ತು. ಊರವರೆಲ್ಲ ನೋಡುತ್ತಿದ್ದರು. ಮನೆ ಬರುವ ತನಕ ಬಿಡಲಿಲ್ಲ.